ಊರಲ್ಲೇ ಉಳಿಯುವ ವಿದ್ಯೆ

ಮಿರಗದ ಮಳೆಗೆ ಮುಂಚೆ ಸೋಯಾ ಬೀಜ ಪರೀಕ್ಷಿಸುವ ಒಂದು ಕ್ರಮವಿದೆ. ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ಒಂದೊಂದು ಹಿಡಿ ಕಾಳು ತೆಗೆದು ಕಲಸಬೇಕು. ಒಳ್ಳೆಯದು, ಕೆಟ್ಟದ್ದು ಎಂದು ಆರಿಸದೆ ನೂರು ಕಾಳು ಎಣಿಸಬೇಕು. ನೀರಲ್ಲಿ ನೆನೆಸಿ ಹಿಂಡಿದ ಗೋಣಿಯ ತುಂಡಿನ ಮೇಲೆ ಹತ್ತು ಸಾಲಿಗೆ ಹತ್ತು ಹತ್ತು ಕಾಳಿಟ್ಟು, ಮೇಲೆ ಇನ್ನೊಂದು ಹಸಿ ಗೋಣಿ ಹೊದಿಸಿ, ಸುರುಳಿ ಸುತ್ತಿ ನೆರಳಲ್ಲಿಡಬೇಕು. ದಿನಾ ಒಂದಿಷ್ಟು ನೀರು ಚಿಮುಕಿಸಬೇಕು. ಐದಾರು ದಿನ ಕಳೆದು ಬಿಚ್ಚಿದಾಗ ಎಪ್ಪತ್ತಕ್ಕೂ ಹೆಚ್ಚು ಕಾಳು ಸರಿಯಾಗಿ ಮೊಳೆತಿದ್ದರೆ ಆ ಬೀಜ ಹೊಲಕ್ಕೆ ಹೋಗಬಹುದು. ಅರವತ್ತರ ಆಸುಪಾಸಿನಲ್ಲಿದ್ದರೆ ಎಕರೆಗೆ ಬೀಜ ಹೆಚ್ಚು ಹಾಕಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಆ ಚೀಲ ಅಡತಿಗೆ ಹೋಗುವುದು ಲೇಸು, ಹೊಲಕ್ಕಲ್ಲ.

ಇದಕ್ಕೆ ಖರ್ಚಿಲ್ಲ. ಓದು ಬರಹ ಬೇಕಿಲ್ಲ, ನೂರರವರೆಗೆ ಎಣಿಸಲು ಬಂದರೆ ಸಾಕು. ಆದರೂ ಪ್ರತಿ ವರ್ಷ ಜೂನ್ ಮೊದಲ ವಾರ ಭಾಲ್ಕಿ, ಔರಾದ್ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳ ಮುಂದೆ ಸಹಾಯಧನದ ಸೋಯಾ ಬೀಜಕ್ಕಾಗಿ ಬೆಳಗಿನಿಂದ ಸಾಲು ಹಚ್ಚಿ ನಿಲ್ಲುವವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹಿಂದಿನ ವರ್ಷದ ಸೋಯಾ ಇರುತ್ತದೆ. ಸೋಯಾ ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಹೈಬ್ರಿಡ್ ಮೆಕ್ಕೆಜೋಳದ ಹಾಗೆ ವರ್ಷವರ್ಷ ಹೊಸ ಬೀಜ ಕೊಳ್ಳಲೇಬೇಕೆಂಬ ನಿಯಮ ಇದಕ್ಕಿಲ್ಲ. ಒಮ್ಮೆ ಒಳ್ಳೆಯ ಬೀಜ ತಂದರೆ ಎರಡು ಮೂರು ವರ್ಷ ಸ್ವಂತ ಬೀಜ ಬಳಸಬಹುದು. ತೊಡಕು ಬೇರೆ ಕಡೆ ಇದೆ. ಸೋಯಾ ಕಾಳಿನ ಸಿಪ್ಪೆ ಬಲು ತೆಳು. ರಾಶಿ ಯಂತ್ರವನ್ನು ಜೋರಾಗಿ ತಿರುಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಚೀಲವನ್ನು ಟ್ರ್ಯಾಕ್ಟರ್ ಮೇಲಿಂದ ಎತ್ತಿ ಒಗೆದರೂ, ಏಳೆಂಟು ಚೀಲ ಒಂದರ ಮೇಲೊಂದು ಒಟ್ಟಿದರೂ, ಸಿಮೆಂಟ್ ನೆಲದ ತೇವ ತಾಗಿದರೂ ಮೊಳಕೆ ಸಾಯುತ್ತದೆ. ಕಾಳು ಮಾತ್ರ ದುಂಡಗೆ, ಹಳದಿಯಾಗಿ, ಚೆನ್ನಾಗಿಯೇ ಕಾಣುತ್ತದೆ. ಬಿತ್ತಿ ವಾರ ಕಳೆದ ಮೇಲೆ ಸಾಲುಗಳ ನಡುವೆ ಬೋಳು ಕಂಡಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್, ಎಲ್ಲದಕ್ಕೂ ಮಿಗಿಲಾಗಿ ಆ ಮೊದಲ ಹದವಾದ ಮಳೆ, ಎಲ್ಲವೂ ಮುಗಿದಿರುತ್ತವೆ.

ಸೋಯಾ ಬೆಳೆಯುವುದರಲ್ಲಿ ಬೀದರ್ ರಾಜ್ಯದ ಮುಂಚೂಣಿಯ ಜಿಲ್ಲೆ. ಆದರೆ ಇಲ್ಲಿನ ರೈತನಿಗೆ ಇದು ಅಜ್ಜನ ಕಾಲದ ಬೆಳೆಯಲ್ಲ. ಜೋಳದ ತೆನೆಯಲ್ಲಿ ಬೀಜಕ್ಕೆಂದು ಯಾವುದನ್ನು ಎತ್ತಿಡಬೇಕು, ಬೇವಿನ ಎಲೆ, ಬೂದಿ ಹಾಕಿ ಹೇಗೆ ಕಾಯಬೇಕು ಎಂಬುದು ಮನೆಮನೆಯ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಸೋಯಾ ಬಂತು, ಅದರ ವಿದ್ಯೆ ಜೊತೆಗೆ ಬರಲಿಲ್ಲ. ಬೆಳೆ ಮಾರುಕಟ್ಟೆಯಿಂದ ಬಂದದ್ದರಿಂದ ವಿದ್ಯೆಯೂ ಮಾರುಕಟ್ಟೆಯಿಂದಲೇ, ಚೀಲದ ಮೇಲಿನ ಚೀಟಿಯಾಗಿ ಬಂತು. ಹಳ್ಳಿಯ ಜನರ ಕೌಶಲ್ಯ, ಕಲಿಕೆ, ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಎಂದೆಲ್ಲ ಮಾತಾಡುವಾಗ ನನಗೆ ಮುಖ್ಯವೆನಿಸುವುದು ಈ ಸಂಗತಿ: ತಿಳಿವಳಿಕೆ ಊರೊಳಗಿನವರ ಕೈಯಲ್ಲಿದೆಯೋ, ಅಂಗಡಿಯ ಗಲ್ಲಾದ ಆಚೆ ಇದೆಯೋ? ಬೀದರ್‌ನ ಮಟ್ಟಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಈ ಜಿಲ್ಲೆ ಅದಕ್ಕೆ ಜೀವಗಳ ಬೆಲೆ ತೆತ್ತಿದೆ.

1998ರ ಆಚೀಚೆ

1997ರ ಮುಂಗಾರಿಗೆ ಬಿತ್ತಿದ ತೊಗರಿ ರೈತರ ಕೈಗೆ ಬರಲಿಲ್ಲ. ಹೂ ಕಾಯಿಯ ಹೊತ್ತಿಗೆ ಅಕಾಲದ ಮಳೆ, ಅದರ ಬೆನ್ನಿಗೆ ಕಾಯಿಕೊರಕದ ಹಾವಳಿ. ಮುಂದಿನ ತಿಂಗಳುಗಳಲ್ಲಿ ಜಿಲ್ಲೆಯ ಹಳ್ಳಿಗಳಿಂದ ಒಂದರ ಮೇಲೊಂದು ರೈತರ ಆತ್ಮಹತ್ಯೆಯ ಸುದ್ದಿ ಬಂತು. ಕರ್ನಾಟಕದಲ್ಲಿ ರೈತರ ಆತ್ಮಹತ್ಯೆ ಎಂಬುದು ಸಾರ್ವಜನಿಕ ಚಿಂತೆಯಾಗಿ ಎದ್ದು ನಿಂತದ್ದು ಆಗ, ಬೀದರ್‌ನಿಂದ. ನಂತರ ಕೀಟಶಾಸ್ತ್ರಜ್ಞ, ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಜಿ.ಕೆ. ವೀರೇಶ್ ಅವರ ಸಮಿತಿ ರಾಜ್ಯದ ಸ್ಥಿತಿಯನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟಿತು.

ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ಬೀದರ್‌ನ ಈ ಸಂಕಟದ ಬಗ್ಗೆ 1999ರಲ್ಲೇ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದರು. ಮುಂದೆ 2012ರಲ್ಲಿ ಗ್ರಾಮೀಣ ಭಾರತದ ಆತ್ಮಹತ್ಯೆಗಳ ಕುರಿತು ಅವರ ಇಡೀ ಪುಸ್ತಕವೇ ಬಂತು. ಮಳೆ ಕೈಕೊಟ್ಟಿತು, ಹುಳು ತಿಂದಿತು ಎಂಬಲ್ಲಿಗೆ ಅವರು ನಿಲ್ಲಲಿಲ್ಲ. ಬೇಸಾಯದ ಪ್ರತಿ ನಿರ್ಧಾರವೂ ಒಬ್ಬೊಬ್ಬನೇ ರೈತನ ತಲೆಯ ಮೇಲೆ ಬಿದ್ದಿದೆ, ಮೊದಲು ನಾಲ್ಕು ಜನ ಕೂಡಿ ಮಾಡುತ್ತಿದ್ದ ಕೆಲಸ, ಹಂಚಿಕೊಳ್ಳುತ್ತಿದ್ದ ತಿಳಿವಳಿಕೆ ಕರಗಿವೆ, ಮಾರುಕಟ್ಟೆಯ ಎದುರು ಸಣ್ಣ ರೈತ ಒಂಟಿಯಾಗಿದ್ದಾನೆ ಎಂಬುದು ಅವರ ವಿಶ್ಲೇಷಣೆಯ ತಿರುಳು. ಈ ಇಪ್ಪತ್ತೈದು ವರ್ಷಗಳಲ್ಲಿ ಅದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಆ ಒಂಟಿತನ ಹೇಗಿರುತ್ತದೆಂದು ತಿಳಿಯಲು ನವೆಂಬರಿನ ಯಾವುದೇ ಮೋಡದ ದಿನ ತಾಲ್ಲೂಕು ಕೇಂದ್ರದ ಗೊಬ್ಬರದ ಅಂಗಡಿಯ ಮುಂದೆ ನಿಂತರೆ ಸಾಕು. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೆ:

“ತೊಗರ್ಯಾಗ ಕೀಡಿ ಬಿದ್ದಾವ್ರಿ ಸಾವ್ಕಾರ್ರ, ಯಾವ ಎಣ್ಣಿ ಹೊಡೀಲಿ?”

“ಇದು ಒಯ್ಯಿ, ಹೊಸಾದು ಬಂದದ. ರೊಕ್ಕ ರಾಶಿ ಆದಮ್ಯಾಗ ಕೊಡು.”

ಇಷ್ಟೇ. ಸಲಹೆ, ಸರಕು, ಸಾಲ ಮೂರೂ ಒಂದೇ ಕೈಯಿಂದ. ಅಂಗಡಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎಷ್ಟೋ ಹಳ್ಳಿಗಳಿಗೆ ಅವರೇ ಬ್ಯಾಂಕು, ಅವರೇ ಕೃಷಿ ಅಧಿಕಾರಿ. ಆದರೆ ಮಾರುವವನೇ ರೋಗ ಗುರುತಿಸುವವನಾದಾಗ ‘ಈ ಸಲ ಏನೂ ಹೊಡೆಯಬೇಡ, ನಾಲ್ಕು ದಿನ ತಡಿ’ ಎಂಬ ಉತ್ತರ ಬರುವುದು ಕಷ್ಟ. ತೊಗರಿಯಲ್ಲಿ ಆ ಉತ್ತರವೇ ಎಷ್ಟೋ ಸಲ ಸರಿಯಾದದ್ದು. ಗಿಡಕ್ಕೊಂದು ಕೀಡಿ ಅಥವಾ ಎರಡು ತತ್ತಿ ಕಾಣುವವರೆಗೆ ಸಿಂಪಡಣೆಯ ಖರ್ಚು ಹುಟ್ಟುವುದಿಲ್ಲ ಎಂಬುದು ವಿಜ್ಞಾನಿಗಳು ಹಾಕಿಕೊಟ್ಟ ಲೆಕ್ಕ. ಅದನ್ನು ಮೀರಿ ಮತ್ತೆ ಮತ್ತೆ ಹೊಡೆದದ್ದರಿಂದಲೇ ಈ ಹುಳ ಹಲವು ಎಣ್ಣೆಗಳನ್ನು, ಅಂದರೆ ಕೀಟನಾಶಕಗಳನ್ನು, ಜೀರ್ಣಿಸಿಕೊಳ್ಳುವ ಶಕ್ತಿ ಬೆಳೆಸಿಕೊಂಡಿತು.

2003ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ರೈತ ಕುಟುಂಬಗಳಿಗೆ ‘ಹೊಸ ಬೇಸಾಯದ ಮಾಹಿತಿ ನಿಮಗೆ ಎಲ್ಲಿಂದ ಸಿಗುತ್ತದೆ’ ಎಂದು ಕೇಳಿತ್ತು. ಹತ್ತರಲ್ಲಿ ಆರು ಕುಟುಂಬಗಳಿಗೆ ಎಲ್ಲಿಂದಲೂ ಸಿಗುತ್ತಿರಲಿಲ್ಲ. ಒಟ್ಟು ಕುಟುಂಬಗಳಲ್ಲಿ ಮುಂದಾಳು ರೈತರಿಂದ ಪಡೆದವರು ಶೇ 16.7, ಅಂಗಡಿಯವರಿಂದ ಶೇ 13.1, ರೇಡಿಯೋದಿಂದ ಶೇ 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ಪಡೆದವರು ಬರೀ ಶೇ 5.7. ಅದೇ ವರ್ಷ ಹೈದರಾಬಾದ್‌ನ ‘ಮ್ಯಾನೇಜ್’ ಸಂಸ್ಥೆ ಗೊಬ್ಬರ, ಬೀಜದ ಅಂಗಡಿಯವರಿಗಾಗಿಯೇ ವರ್ಷಾವಧಿಯ ‘ದೇಸಿ’ ಡಿಪ್ಲೊಮಾ ಆರಂಭಿಸಿದ್ದು ಅರ್ಥವುಳ್ಳ ಹೆಜ್ಜೆ. ಆದರೂ ಸಮೀಕ್ಷೆಯಲ್ಲಿ ಮುಂದಾಳು ರೈತರ ಅಂಕಿಯೇ ನನಗೆ ಹೆಚ್ಚು ಭರವಸೆ ಕೊಡುತ್ತದೆ. ರೈತ ಎಲ್ಲರಿಗಿಂತ ಹೆಚ್ಚು ಕಲಿಯುವುದು ಪಕ್ಕದ ಹೊಲದವನಿಂದ.

ಗಿಡ ಅಲುಗಿಸುವುದು

ಪಕ್ಕದ ಹೊಲದಿಂದ ಪಕ್ಕದ ಹೊಲಕ್ಕೆ ಹರಡುವ ವಿದ್ಯೆಗೆ ತೊಗರಿ ನಾಡಿನಲ್ಲಿ ಒಂದು ಒಳ್ಳೆಯ ಮಾದರಿಯಿದೆ. ಸಾಲುಗಳ ನಡುವೆ ತಾಡಪತ್ರಿ ಅಥವಾ ಹಳೆಯ ಸೀರೆ ಹಾಸಿ, ಎರಡೂ ಬದಿಯ ಗಿಡಗಳನ್ನು ಬಗ್ಗಿಸಿ ಜೋರಾಗಿ ಅಲುಗಿಸುತ್ತಾರೆ. ಬಲಿತ ಕೀಡಿಗಳು ಪಟಪಟ ಉದುರುತ್ತವೆ. ಬಟ್ಟೆಯನ್ನು ಎಳೆಯುತ್ತ ಮುಂದಿನ ಗಿಡಕ್ಕೆ ಹೋಗುತ್ತಾರೆ. ಕೋಳಿಗಳು ಹಿಂದೆಯೇ ಬರುತ್ತವೆ. ಅಜ್ಜಂದಿರ ಈ ಪದ್ಧತಿಯನ್ನು ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಿದರು. ಔಷಧ ಹೊಡೆದೂ ಸಾಯದ ದೊಡ್ಡ ಕೀಡಿಗೆ ಇದು ಒಳ್ಳೆಯ ಉಪಾಯವೆಂದು ಮತ್ತೆ ಬಳಕೆಗೆ ತಂದರು.

ಮುಂದಿನ ಪಾಠ ಇನ್ನೂ ಸೊಗಸಾದದ್ದು. ಕಾಯಿಕೊರಕಕ್ಕೆ ಬರುವ ಎನ್‌ಪಿವಿ ಎಂಬ ನಂಜುರೋಗವಿದೆ. ರೋಗ ತಗುಲಿದ ಕೀಡಿ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಹೊಲ ನೋಡುವ ಕಣ್ಣಿದ್ದವರು ಅದನ್ನು ಗುರುತಿಸಬಹುದು. ಅಲುಗಿಸಿ ಹಿಡಿದ ಕೀಡಿಗಳಿಗೆ ಈ ನಂಜು ಹತ್ತಿಸಿ ಸಾಯಿಸಿ, ಅರೆದು, ಸೋಸಿದರೆ ದ್ರಾವಣ ಸಿದ್ಧ. ಎಕರೆಗೆ ನೂರು ಕೀಡಿಯಿಂದ ತೆಗೆದಷ್ಟು ಸಾಕು. ಬಿಸಿಲಿಗೆ ನಂಜಿನ ಶಕ್ತಿ ಕುಂದುವುದರಿಂದ ಸಂಜೆ ಹೊತ್ತು, ತುಸು ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಬೆರೆಸಿ ಹೊಡೆಯಬೇಕು. ತತ್ತಿಯ ಹಂತದಲ್ಲಾದರೆ ನೂರು ಲೀಟರ್ ನೀರಿಗೆ ಐದು ಕಿಲೋ ಬೇವಿನ ಬೀಜದ ಕಷಾಯ. ಹೊಲದ ನಡುನಡುವೆ ಹಕ್ಕಿ ಕೂರಲು ಟೊಂಗೆ ನೆಡುವುದು.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು, ಹೆಚ್ಚಿನವನ್ನು ಒಬ್ಬನೇ ಮಾಡಲಾಗದು. ಅಲುಗಿಸಲು ನಾಲ್ಕು ಜನ ಬೇಕು. ಒಂದು ಹೊಲದಲ್ಲಿ ಮಾಡಿ ಪಕ್ಕದ ಹೊಲದಲ್ಲಿ ಬಿಟ್ಟರೆ ಪತಂಗ ಅಲ್ಲಿಂದ ಹಾರಿ ಬರುತ್ತದೆ. ಬೇವಿನ ಬೀಜವನ್ನು ನವೆಂಬರಿಗೆ ಬೇಕೆಂದು ಮಳೆಗಾಲದ ಮೊದಲೇ ಆರಿಸಿ ಒಣಗಿಸಿ ಇಡಬೇಕು. ಕೂಡಿ ಮಾಡುವ ರೂಢಿ ಸತ್ತ ಊರಲ್ಲಿ ಈ ವಿದ್ಯೆ ಕಲಿಸಿದರೂ ನಿಲ್ಲುವುದಿಲ್ಲ. ತರಬೇತಿ ಶಿಬಿರದ ಫೋಟೋ ಉಳಿಯುತ್ತದೆ, ಅಷ್ಟೇ.

ಬೀದರ್‌ನ ಕೃಷಿ ವಿಜ್ಞಾನ ಕೇಂದ್ರ ಮತ್ತು ಕೃಷಿ ಸಂಶೋಧನಾ ಕೇಂದ್ರಗಳು ಹರಡಿದ ನಾಟಿ ತೊಗರಿಯ ಪದ್ಧತಿ ಇನ್ನೊಂದು ಬಗೆಯದು. ಮೇ ತಿಂಗಳಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು, ಮರಳು, ತಿಪ್ಪೆಗೊಬ್ಬರ ತುಂಬಿ ಬೀಜ ಊರುವುದು, ನಾಲ್ಕೈದು ವಾರದ ಸಸಿಯನ್ನು ಮಳೆ ಬಿದ್ದ ಕೂಡಲೇ ಹೊಲದಲ್ಲಿ ನೆಡುವುದು. ಮಳೆ ತಡವಾದರೂ ಬೆಳೆಯ ವಯಸ್ಸು ಕಳೆದುಹೋಗುವುದಿಲ್ಲ. ಐದು ಅಡಿಗೆ ಮೂರು ಅಡಿ ಅಂತರವಿಟ್ಟರೆ ಎಕರೆಗೆ ಮೂರು ಸಾವಿರದಷ್ಟು ಗಿಡ. ಕೂರಿಗೆಯಲ್ಲಿ ಬಿತ್ತಲು ನಾಲ್ಕೈದು ಕಿಲೋ ಬೀಜ ಬೇಕಾದಲ್ಲಿ ಇಲ್ಲಿ ಒಂದು ಕಿಲೋದೊಳಗೇ ಮುಗಿಯುತ್ತದೆ. ಗಿಡ ಪೊದೆಯಾಗಿ ಹರಡುತ್ತದೆ. ಒಂದೂವರೆ ತಿಂಗಳಾದಾಗ ಕುಡಿ ಚಿವುಟಿದರೆ ಟೊಂಗೆ ಇನ್ನೂ ಹೆಚ್ಚು. ಒಳ್ಳೆಯ ಪದ್ಧತಿ. ಆದರೆ ಮೇ ತಿಂಗಳ ಬಿಸಿಲಲ್ಲಿ ಮೂರು ಸಾವಿರ ಚೀಲ ತುಂಬಿ, ದಿನಾ ನೀರುಣಿಸಬೇಕು. ಕಾರಂಜಾ ಕಾಲುವೆಯ ಅಂಚಿನ ಹೊಲದವರಿಗೆ, ಕೊಳವೆಬಾವಿಯಿದ್ದವರಿಗೆ ಇದು ಸಾಧ್ಯ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಔರಾದ್‌ನ ತಾಂಡಾಗಳಿಗೆ ಹೇಗೆ? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳಲ್ಲಿ ಔರಾದ್ ಒಂದು. ಅಲ್ಲಿಗೆ ಒಯ್ಯುವ ವಿದ್ಯೆ ಒಣ ಮೇ ತಿಂಗಳನ್ನು ಲೆಕ್ಕಕ್ಕೆ ಹಿಡಿದಿರಬೇಕು. ಒಂದು ಕೆರೆ ಅಥವಾ ಬಾವಿಯ ಬಳಿ ಮಹಿಳಾ ಸಂಘವೊಂದು ಇಡೀ ಊರಿಗೆ ಸಸಿ ಮಾಡಿಕೊಡುವ ವ್ಯವಸ್ಥೆ ಮಾಡಿದರೆ ಸಸಿಯೂ ಸಿಗುತ್ತದೆ, ಸಂಘಕ್ಕೆ ಕೂಲಿಯೂ ಹುಟ್ಟುತ್ತದೆ.

ನೆಟೆ ರೋಗದ ಕತೆಯನ್ನೂ ಇಲ್ಲೇ ಹೇಳಬೇಕು. ಇಕ್ರಿಸ್ಯಾಟ್‌ನ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದಾಗ ನೆಟೆಯಿಂದ ನಲುಗಿದ್ದ ಈ ಭಾಗದ ತೊಗರಿಗೆ ಮರುಜೀವ ಬಂತು. 2022-23ರಲ್ಲಿ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನೆಟೆ ಮತ್ತೆ ಬಂದು ನಿಂತ ತೊಗರಿ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ತಳಿ ಎಷ್ಟೇ ಗಟ್ಟಿಯಾಗಿರಲಿ, ಅದೇ ಹೊಲಕ್ಕೆ ವರ್ಷವರ್ಷ ಅದೇ ತೊಗರಿ ಹಾಕಿದರೆ ಮಣ್ಣಿನಲ್ಲಿನ ಶಿಲೀಂಧ್ರ ಬಲಿಯುತ್ತದೆ. ಜೋಳದೊಂದಿಗೆ ಬೆಳೆ ಬದಲಿಸುವುದು, ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಲೇಪಿಸುವುದು ಇವೆರಡೂ ದುಬಾರಿಯಲ್ಲ. ಎರಡೂ ಬಿತ್ತನೆಗೆ ಮುಂಚೆ ಮಾಡುವ ಕೆಲಸ, ರೋಗ ಕಂಡ ಮೇಲೆ ಓಡುವುದಲ್ಲ.

ಯಾವ ಭಾಷೆಯಲ್ಲಿ?

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಬಗ್ಗೆ ಈ ನಾಡಿನ ಮಕ್ಕಳಿಗೂ ಗೊತ್ತಿರುವ ಸಂಗತಿಯೊಂದಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಿದ್ದಾಗ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. 1890ರಲ್ಲಿ ಆಗಿನ ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಹಿರಿಯರು ಹಳ್ಳಿಯ ಮಗು ತನ್ನ ಮಾತಿನಲ್ಲಿ ಕಲಿತರೆ ಮಾತ್ರ ಕಲಿಕೆ ಮನೆಗೆ ಹೋಗುತ್ತದೆ ಎಂದು ನಂಬಿ ಅದಕ್ಕಾಗಿ ಬದುಕು ಸವೆಸಿದರು. ಮಠದ ಶಾಲೆ, ಪ್ರಸಾದ ನಿಲಯಗಳಿಂದ ಹೊರಬಂದ ರೈತರ ಮಕ್ಕಳು ಜಿಲ್ಲೆಯ ತುಂಬ ಇದ್ದಾರೆ.

ಆ ನಂಬಿಕೆಯನ್ನು ಬೇಸಾಯದ ಕಲಿಕೆಗೆ ನಾವು ಇನ್ನೂ ಪೂರ್ತಿ ತಂದಿಲ್ಲ. ಕೀಟನಾಶಕದ ಡಬ್ಬಿಯ ಮೇಲಿನ ಅಕ್ಷರ ಭೂತಗನ್ನಡಿಗೂ ಸಿಗದಷ್ಟು ಸಣ್ಣದು. ಅದರ ಮೇಲೊಂದು ಬಣ್ಣದ ಗುರುತಿರುತ್ತದೆ: ಕೆಂಪು ಎಲ್ಲಕ್ಕಿಂತ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ತಿಳಿಯಲೆಂದೇ ಮಾಡಿದ್ದು. ಆದರೆ ದಿನಗೂಲಿಗೆ ಎಣ್ಣೆ ಹೊಡೆಯಲು ಹೋಗುವವರಿಗೆ ಈ ನಾಲ್ಕು ಬಣ್ಣಗಳ ಅರ್ಥವನ್ನು ಯಾರು ಕೂತು ಹೇಳಿದ್ದಾರೆ? ಗಾಳಿಗೆ ಎದುರಾಗಿ ಹೊಡೆಯಬಾರದು, ಬೀಡಿ ಸೇದುತ್ತ ಹೊಡೆಯಬಾರದು, ಆ ಡಬ್ಬಿಯಲ್ಲಿ ನೀರು ತುಂಬಬಾರದು ಎಂಬುದು ಕೂಡ ಕೌಶಲ್ಯವೇ, ಪ್ರಾಣ ಉಳಿಸುವ ಕೌಶಲ್ಯ.

ಔರಾದ್, ಕಮಲನಗರ ಕಡೆ ಇನ್ನೊಂದು ಪದರವಿದೆ. ಅಲ್ಲಿ ಎಷ್ಟೋ ಮನೆಗಳ ಮಾತು ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ತೆಲಂಗಾಣದ ಅಂಚಿನಲ್ಲಿ ತೆಲುಗು, ಪೇಟೆಯಲ್ಲಿ ದಖ್ಖನಿ. ಬೆಂಗಳೂರಿನಿಂದ ಬಂದ ಕೈಪಿಡಿಯಲ್ಲಿ ‘ಕಾಯಿಕೊರಕ ಕೀಟದ ಸಮಗ್ರ ನಿರ್ವಹಣೆ’ ಎಂದಿದ್ದರೆ ಊರಲ್ಲಿ ಅದರ ಹೆಸರು ಕೀಡಿ, ಗಡಿಯ ಮನೆಗಳಲ್ಲಿ ಅಳಿ. ಒಳ್ಳೆಯ ಕೃಷಿ ಅಧಿಕಾರಿಯೊಬ್ಬ ಔರಾದ್‌ಗೆ ಬಂದರೆ ಮೊದಲ ವರ್ಷ ಈ ಹೆಸರುಗಳನ್ನು ಕಲಿಯುವುದರಲ್ಲೇ ಕಳೆಯುತ್ತಾನೆ, ಅದು ವ್ಯರ್ಥವಲ್ಲ. ಕಲಿತ ಹೊತ್ತಿಗೆ ವರ್ಗವಾಗುವುದು ನಿಜವಾದ ನಷ್ಟ. ಅದಕ್ಕಾಗಿಯೇ 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ‘ರೈತ ಅನುವುಗಾರ’ ಎಂಬ ಕಲ್ಪನೆ ನನಗೆ ಇಷ್ಟ. ಊರಿನವನೇ ಒಬ್ಬ, ಮಣ್ಣು ಪರೀಕ್ಷೆ, ಜಿಪ್ಸಂ, ಸತು, ಬೋರಾನ್ ಬಗ್ಗೆ ತರಬೇತಿ ಪಡೆದು ಊರಿಗೆ ಹೇಳುವುದು. ಅಂಥವರಿಗೆ ಹಂಗಾಮಿನ ಗೌರವಧನವಲ್ಲದೆ ವರ್ಷಪೂರ್ತಿ ಕೆಲಸ, ಮತ್ತೆ ಮತ್ತೆ ತರಬೇತಿ ಸಿಕ್ಕಿದ್ದರೆ ಇವತ್ತು ಪ್ರತಿ ಊರಲ್ಲೂ ಅಂಗಡಿಗೆ ಹೋಗುವ ಮೊದಲು ಕೇಳಬಹುದಾದ ಒಬ್ಬ ಮನುಷ್ಯ ಇರುತ್ತಿದ್ದ.

ಸಂಘದ ವಹಿ

1997-98ರ ಆ ತೊಗರಿ ಸಂಕಟದ ಕಾಲಕ್ಕೆ ಬೀದರ್‌ನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಬೆಳೆಯುತ್ತಿತ್ತು. ಸ್ವಸಹಾಯ ಸಂಘಗಳ ಬೇರು ಕರ್ನಾಟಕದ್ದೇ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಗುಂಪುಗಳ ಅನುಭವದಿಂದ ನಬಾರ್ಡ್ 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಆರಂಭಿಸಿತು. ಇದನ್ನು ಸಹಕಾರಿ ರಂಗದಲ್ಲಿ ದೊಡ್ಡ ಪ್ರಮಾಣದಲ್ಲಿ ಹಿಡಿದುಕೊಂಡದ್ದು ಬೀದರ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್. ಸಹಕಾರಿ ಧುರೀಣ ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳುತನದಲ್ಲಿ ಬ್ಯಾಂಕು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ ಮಹಿಳಾ ಗುಂಪುಗಳನ್ನು ಕಟ್ಟಿತು. ಗುಂಪಿನವರಿಗೆ ತರಬೇತಿ ಕೊಡಲು ತನ್ನದೇ ಸಂಸ್ಥೆ ನಡೆಸಿತು. ಹೊರರಾಜ್ಯದ ಸಹಕಾರಿಗಳು ನೋಡಲು ಬರುವಂತಾಯಿತು.

ಇದರಿಂದ ಆದ ದೊಡ್ಡ ಲಾಭ ಸಾಲವೆಂದು ನಾನು ತಿಳಿದಿಲ್ಲ. ವಾರಕ್ಕೊಮ್ಮೆ ಹದಿನೈದಿಪ್ಪತ್ತು ಹೆಣ್ಣುಮಕ್ಕಳು ಒಂದು ಕಟ್ಟೆಯ ಮೇಲೆ ಕೂತು ‘ಅಕ್ಕಾ, ನಿನಗ ಯಾತಕ್ಕ ಬೇಕು ರೊಕ್ಕ, ಹ್ಯಾಂಗ ತೀರಸ್ತಿ’ ಎಂದು ಒಬ್ಬರನ್ನೊಬ್ಬರು ಕೇಳುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಅದನ್ನು ವಹಿಯಲ್ಲಿ ಬರೆಸುವುದು. ಸಾವಕಾರನ ಅಂಗಡಿಯಲ್ಲಿ ಗಂಡಸು ಒಬ್ಬನೇ ನಿಂತು ಮಾಡಿದ್ದ ಲೆಕ್ಕ ಇಲ್ಲಿ ಬಯಲಿಗೆ ಬಂತು. ಬೆಳೆ ಹೋದ ವರ್ಷ ಆ ವಿಷಯ ಗಂಡನ ಎದೆಯೊಳಗೇ ಹುದುಗಿ ಉಳಿಯುವುದಿಲ್ಲ, ಸಂಘದ ಹತ್ತು ಮನೆಗಳಿಗೆ ಗೊತ್ತಿರುತ್ತದೆ. ಆತ್ಮಹತ್ಯೆಗೆ ಕಾರಣಗಳು ಹಲವು, ಸಂಘವೊಂದೇ ತಡೆಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕಷ್ಟವನ್ನು ಬಾಯಿಬಿಟ್ಟು ಹೇಳಲು ಜಾಗವಿರುವುದು ದೊಡ್ಡ ಆಸರೆ. ಇತ್ತೀಚೆಗೆ ಕಿರುಸಾಲ ಕಂಪನಿಗಳು ಇದೇ ಗುಂಪುಗಳ ಬೆನ್ನು ಹತ್ತಿ, ಒಂದೇ ಮನೆಗೆ ನಾಲ್ಕು ಕಡೆಯ ವಾರದ ಕಂತು ಕೂತಿರುವುದು ಈ ಆಸರೆಯನ್ನೇ ಮುರಿಯುವ ಬೆಳವಣಿಗೆ. ಬಡ್ಡಿ ಲೆಕ್ಕ ಹಾಕುವುದು, ‘ಬೇಡ’ ಎನ್ನುವುದು ಸಂಘಗಳು ತುರ್ತಾಗಿ ಮತ್ತೆ ಕಲಿಸಬೇಕಾದ ಪಾಠ.

ಹೆಣ್ಣುಮಕ್ಕಳ ಕೈಯಲ್ಲಿ ನಿಜವಾಗಿ ಇರುವ ಆಸ್ತಿ ಆಡು, ಎಮ್ಮೆ, ಕೋಳಿ. ಹೊಲದ ಪಹಣಿ ಗಂಡನ ಹೆಸರಲ್ಲಿದ್ದರೂ ಆಡು ಆಕೆಯದು. ನಮ್ಮ ‘ಬೀದ್ರಿ’ ಆಡನ್ನು ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೊ ಇತ್ತೀಚೆಗೆ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟಗಳ ‘ಪಶು ಸಖಿ’ಯರು ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ, ಜಂತುನಾಶಕ, ಪಿಪಿಆರ್ ಲಸಿಕೆ ಯಾವಾಗ ಎಂದು ನೆನಪಿಟ್ಟು ಮನೆಮನೆಗೆ ಹೋಗುತ್ತಾರೆ. ಒಂದು ಜ್ವರಕ್ಕೆ ಹತ್ತು ಆಡು ಸತ್ತರೆ ಆ ಮನೆಯ ಮದುವೆ, ಆಸ್ಪತ್ರೆ, ಶಾಲೆಯ ಫೀಜು ಎಲ್ಲ ಸತ್ತಂತೆ.

ಬೀದರ್‌ನ ನಂದಿನಗರದಲ್ಲಿ 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅದು ದೇವಣಿ ದನದ ತಳಿಯ ಮೇಲೆ ಕೆಲಸ ಮಾಡುತ್ತಿದೆ. ಪೂರ್ತಿ ಬಿಳಿಯ ಬಾಲಂಕ್ಯಾ, ಬಿಳಿ ಮೈ ಕರಿ ಮುಖದ ವಾನೇರಾ, ಕಪ್ಪು ಮಚ್ಚೆಯ ಶೇವರಾ ಎಂದು ಮೂರು ಬಗೆಯ ದೇವಣಿ ಹಾಲಿಗೂ ಹೌದು, ದುಡಿಮೆಗೂ ಹೌದು. ಈ ಎತ್ತುಗಳು ಕಡಿಮೆಯಾದದ್ದು ಬರೀ ಟ್ರ್ಯಾಕ್ಟರಿನಿಂದಲ್ಲ. ಜೋಳದ ಜಾಗಕ್ಕೆ ಸೋಯಾ ಬಂದಾಗ ದನಕ್ಕೆ ಮೇವಾದ ಕಣಿಕಿ ಹೋಯಿತು. ಕಣಿಕಿ ಹೋದಾಗ ಎತ್ತು ಹೋಯಿತು, ತಿಪ್ಪೆ ಬರಿದಾಯಿತು, ಮಣ್ಣಿಗೆ ಗೊಬ್ಬರದ ಚೀಲವೇ ಗತಿಯಾಯಿತು. ಒಂದು ಬೆಳೆಯ ಬದಲಾವಣೆ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆಂದು ಲೆಕ್ಕ ಹಾಕುವ ಪಾಠ ಯಾವ ಶಾಲೆಯಲ್ಲೂ ಇಲ್ಲ.

ಎಳ್ಳ ಅಮಾವಾಸ್ಯೆಯ ಭಜ್ಜಿ ಅದನ್ನು ಹೇಳಿಕೊಡುತ್ತದೆ. ಬೀದರ್‌ನಲ್ಲಿ ಆ ದಿನ ಊರೆಲ್ಲ ಹೊಲದಲ್ಲಿ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆಯ ಜೊತೆ ಉಣ್ಣುವ ಭಜ್ಜಿಗೆ ಹಸಿ ತೊಗರಿ ಕಾಳು, ಅವರೆ, ಬಟಾಣಿ, ಹಸಿ ಕಡಲೆ, ಮೆಂತ್ಯ, ಹುಣಸೆ, ಕೈಗೆ ಸಿಕ್ಕ ಸೊಪ್ಪು ಎಲ್ಲ ಬೀಳಬೇಕು. ಒಂದೇ ಬೆಳೆಯ ಹೊಲದಿಂದ ಭಜ್ಜಿ ಹುಟ್ಟುವುದಿಲ್ಲ. ಈಗ ಅದಕ್ಕೆ ಬೇಕಾದ್ದನ್ನು ಹಿಂದಿನ ದಿನ ಭಾಲ್ಕಿ ಪೇಟೆಯಿಂದ ಚೀಲದಲ್ಲಿ ತರುವ ಮನೆಗಳು ಹೆಚ್ಚಾಗಿವೆ. ಹಲವು ಬೆಳೆ ಕೂಡಿ ಬೆಳೆಯುವ ಅಕ್ಕಡಿ ಸಾಲು ಬಿಟ್ಟ ಲೆಕ್ಕ ಅಲ್ಲೇ ಸಿಗುತ್ತದೆ.

ಬೀದರ್‌ನಿಂದ ಗಂಟೆಯೊಳಗಿನ ದಾರಿಯ ಜಹೀರಾಬಾದ್ ಸೀಮೆಯಲ್ಲಿ ದಲಿತ ಹೆಣ್ಣುಮಕ್ಕಳು ಈ ಲೆಕ್ಕವನ್ನು ತಿರುಗಿಸಿ ತೋರಿಸಿದ್ದಾರೆ. ಮೈಸೂರಿನವರಾದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳು ಬೀಳು ಬಿದ್ದ ಕೆಂಪು ಹೊಲದಲ್ಲಿ ಜೋಳ, ಸಜ್ಜೆ, ನವಣೆ, ಕಾಳುಗಳನ್ನು ಕೂಡಿ ಬೆಳೆದು, ಊರೂರಿಗೆ ಬೀಜದ ಭಂಡಾರ ಮಾಡಿದವು. ಓದು ಬಾರದ ಹೆಣ್ಣುಮಕ್ಕಳೇ ಕ್ಯಾಮೆರಾ ಹಿಡಿದರು. 2008ರಲ್ಲಿ ತಮ್ಮದೇ ಸಂಘಂ ರೇಡಿಯೋ ಶುರು ಮಾಡಿದರು. ಸಂಕ್ರಾಂತಿಯಿಂದ ಎತ್ತಿನ ಬಂಡಿಯಲ್ಲಿ ಬೀಜಗಳನ್ನು ಊರೂರಿಗೆ ಮೆರವಣಿಗೆ ಒಯ್ಯುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ನಮ್ಮ ತಾಲ್ಲೂಕುಗಳ ಮಹಿಳಾ ಸಂಘಗಳು ದೂರದ ಊರಿಗೆ ಅಧ್ಯಯನ ಪ್ರವಾಸ ಹೋಗುವ ಬದಲು ಈ ನೆರೆಯ ಊರುಗಳಿಗೆ ಒಂದು ದಿನ ಹೋಗಿ ಬರಲಿ ಎಂಬುದು ನನ್ನ ಒತ್ತಾಯದ ಮಾತು. ಅದೇ ಮಳೆ, ಹೆಚ್ಚುಕಡಿಮೆ ಅದೇ ಮಣ್ಣು.

ಎಪ್ಪತ್ತೆರಡು ಗಂಟೆ

ಈಗ ರೈತನಿಗೆ ಬೇಕಾದ ಕೌಶಲ್ಯದ ಅರ್ಧ ಭಾಗ ಹೊಲದಾಚೆಗಿದೆ. 2016ರಿಂದ ಬಂದ ಫಸಲ್ ಬಿಮಾ ಬೆಳೆವಿಮೆಯಲ್ಲಿ ಮುಂಗಾರಿ ಬೆಳೆಗೆ ರೈತ ಕಟ್ಟುವ ಕಂತು ಶೇ 2, ಹಿಂಗಾರಿಗೆ ಶೇ 1.5. ಕಂತು ಕಟ್ಟುವುದು ಸುಲಭ, ಪರಿಹಾರ ಪಡೆಯುವುದಕ್ಕೆ ವಿದ್ಯೆ ಬೇಕು. ಹೊಲಕ್ಕೆ ನೀರು ನಿಂತರೆ, ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ದೂರು ದಾಖಲಿಸಬೇಕು. ಬರದಂಥ ವ್ಯಾಪಕ ನಷ್ಟಕ್ಕೆ ಗ್ರಾಮ ಪಂಚಾಯಿತಿವಾರು ಬೆಳೆ ಕಟಾವು ಪ್ರಯೋಗದ ಇಳುವರಿಯೇ ಆಧಾರ. ಆ ಕಟಾವು ನಡೆಯುವ ದಿನ ಹೊಲದಲ್ಲಿ ನಿಂತು ತೂಕ ನೋಡುವ ನಾಲ್ಕು ರೈತರು ಬೇಕು. 2020ರಿಂದ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆಯ ಫೋಟೋ ಹಾಕುವ ಸಮೀಕ್ಷೆ ಬಂದಿದೆ. ತೊಗರಿ ಹಾಕಿದ ಹೊಲ ದಾಖಲೆಯಲ್ಲಿ ಸೋಯಾ ಎಂದು ಬಿದ್ದರೆ ವಿಮೆಯೂ ಇಲ್ಲ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಜಾಗವೂ ಇಲ್ಲ. ಐವತ್ತು ದಾಟಿದ ಕಾಕಾಗೆ ಇದೆಲ್ಲ ಬಾರದು. ಆತ ಸೈಬರ್ ಅಂಗಡಿಯವನಿಗೆ ರೊಕ್ಕ ಕೊಟ್ಟು, ಆತ ಹಾಕಿದ್ದೇ ಸರಿಯೆಂದು ನಂಬುತ್ತಾನೆ. ಒಂಟಿ ರೈತ, ಗಲ್ಲಾದ ಆಚೆ ಇನ್ನೊಬ್ಬ ಜಾಣ: ಅಂಗಡಿ ಮಾತ್ರ ಬೇರೆ.

ಇದನ್ನು ಮಾಡಬಲ್ಲ ಹುಡುಗರು ಊರಲ್ಲೇ ಇದ್ದಾರೆ, ಹೈದರಾಬಾದ್, ಪುಣೆಯ ಬಸ್ಸು ಹತ್ತುವವರೆಗೆ. ಹತ್ತನೇ ತರಗತಿ ದಾಟಿಯೋ ದಾಟದೆಯೋ ಹೋಗುವ ಈ ಮಕ್ಕಳಿಗೆ ಬೇಸಾಯ ಎಂದರೆ ಅಪ್ಪ ಸೋತ ಜಾಗ. ಅವರನ್ನು ಬೈಯುವುದು ಅನ್ಯಾಯ. ಬೀದರ್‌ನ ಸಂಕಟ ಬರೆದ ವಾಸವಿಯವರೇ ಮುಂದೆ ಚಾಮರಾಜನಗರದ ನಾಗವಳ್ಳಿಯಲ್ಲಿ ‘ಪುನರ್ಚಿತ್’ ಎಂಬ ಕಲಿಕೆಯ ಜಾಗ ಕಟ್ಟಿದ್ದು ನನಗೆ ಬಹಳ ಮಹತ್ವದ್ದಾಗಿ ಕಾಣುತ್ತದೆ. ಅಲ್ಲಿ ಹಳ್ಳಿಯ ತರುಣ ತರುಣಿಯರು ತಮ್ಮ ಊರಿನ ಮಣ್ಣು, ನೀರು, ಜಾತಿ, ಮಾರುಕಟ್ಟೆ, ಕಾನೂನು ಎಲ್ಲವನ್ನೂ ಕನ್ನಡದಲ್ಲಿ ಕೂಡಿ ಕಲಿಯುತ್ತಾರೆ, ಕೈಕೆಲಸವನ್ನೂ ಮಾಡುತ್ತಾರೆ. ರೋಗ ಬೀದರ್‌ನಲ್ಲಿ ಗುರುತಿಸಿದ್ದು, ಮದ್ದಿನ ಪ್ರಯತ್ನ ರಾಜ್ಯದ ಇನ್ನೊಂದು ತುದಿಯಲ್ಲಿ.

ಅಂಥದ್ದು ಇಲ್ಲಿ ಆಗಲು ಏನು ಅಡ್ಡಿ? ಪಶು ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಎಲ್ಲ ಬೀದರ್ ನಗರದ ಸುತ್ತಲೇ ಇವೆ. ಗ್ರಾಮೀಣ ಯುವಕರ ತರಬೇತಿಗಳೂ ನಡೆಯುತ್ತವೆ, ಆದರೆ ಹೆಚ್ಚಿನವು ಕೆಲವೇ ದಿನಗಳವು. ಮೂರು ದಿನದಲ್ಲಿ ಹಾಲು ಕರೆಯುವ ಯಂತ್ರದ ಪರಿಚಯವಾಗಬಹುದು, ಊರಿಗೆ ಬೇಕಾದ ಮನುಷ್ಯ ತಯಾರಾಗುವುದಿಲ್ಲ. ಒಂದು ಮುಂಗಾರು ಒಂದು ಹಿಂಗಾರು ಸೇರಿಸಿ ವರ್ಷದ ಕಲಿಕೆಯೊಂದನ್ನು ಈ ಸಂಸ್ಥೆಗಳು ಕೂಡಿ ನಡೆಸಲಿ. ಮೊದಲ ವರ್ಷ ಔರಾದ್ ಮತ್ತು ಭಾಲ್ಕಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ. ಬೀಜ ಕಾಯುವುದು, ಕೀಡಿ ಎಣಿಸುವುದು, ಆಡಿಗೆ ಲಸಿಕೆ, ನಾಟಿ ತೊಗರಿಯ ಸಸಿಮಡಿ, ಪಹಣಿ ಓದುವುದು, ವಿಮೆಯ ದೂರು ಹಾಕುವುದು ಎಲ್ಲ ಕಲಿತು ಅವರು ತಮ್ಮ ಪಂಚಾಯಿತಿಗೇ ಮರಳಬೇಕು. ಅವರ ಸಂಬಳವನ್ನು ಪಂಚಾಯಿತಿ, ಪತ್ತಿನ ಸಹಕಾರ ಸಂಘ, ಸಂಜೀವಿನಿ ಒಕ್ಕೂಟ ಮೂವರೂ ಹಂಚಿಕೊಳ್ಳಬಹುದು. ಸಂವಿಧಾನದ 371 ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರತಿ ವರ್ಷ ಬರುವ ಹಣದಲ್ಲಿ ರಸ್ತೆ, ಕಟ್ಟಡಗಳ ಪಕ್ಕ ಈ ಸಂಬಳಕ್ಕೂ ಒಂದು ಸಾಲು ಬರೆಯಲು ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಜಾಗವಿದೆ. ಬೀದರ್‌ನ ಶಾಸಕರು ಅದನ್ನು ಕೇಳಬೇಕು.